ಷರಾ

ಜಮಖಂಡಿ ಕಚೇರಿಯ ದಫ್ತರ ಖೋಲಿಯಾಗ
ಕಿಡಕಿ ಒಂದ. ಅದರ ಕೆಳಗ ನನ್ನ ಸ್ಕ್ಯಾನರ್.
ಹಾಳಿಗಿ ನಲವತ್ತು ಪೈಸೆ, ಗುತ್ತಿಗಿ ಲೆಕ್ಕ.
ಮಸುಕು ಬಂದು ತಿರಸ್ಕಾರ ಆದರ ಅದೂ ಇಲ್ಲ.

ಕೆಂಪ ರುಮಾಲಿನ ಗಂಟು ಬಿಚ್ಚಿ ಕೊಡಾಂವ
ಗೈಬುಸಾಬ ನದಾಫ. ರಿಟೈರ್ ಆಗಿ ಆರು ವರ್ಷ.
ಹಾಜರಿ ಯಂತ್ರಕ್ಕ ಅವನ ಮಾರಿ ಗುರುತಿಲ್ಲ,
ಪಗಾರ ಪಟ್ಟಿಯಾಗ ಹೆಸರಿಲ್ಲ.
ಆದರ ಮೋಡಿ ಓದಾಕ ಬರೂದು ಅವಗ ಒಬ್ಬಗ.
ಸಾಹೇಬರು ತಮ್ಮ ಕಿಸೆದಿಂದ ಚಹಾದ ರೊಕ್ಕ ಕೊಡತಾರ.

ಮೋಡಿ ಅಂದರ ಟಾಕು ಎತ್ತದ ಬರವಣಿಗಿ.
ಶಬ್ದಕ್ಕೂ ಶಬ್ದಕ್ಕೂ ನಡುವ ಜಾಗಾ ಇಲ್ಲ,
ನೂಲು ಹರೀಬಾರದಂತ ಒಂದ ಎಳಿ
ಬಾವಿಯಿಂದ ಬದುವಿಗಿ, ಬದುವಿನಿಂದ ಅಣ್ಣತಮ್ಮರಿಗಿ.
ನನ್ನ ಪರದೆ ಮ್ಯಾಲ ಬರೇ ಚೌಕ:
ಸರ್ವೆ ನಂಬರ, ಹೆಸರು, ತಂದಿ, ವರ್ಷ.
ಕೆಂಪ ಚಿಕ್ಕಿ ಇದ್ದದ್ದು ತುಂಬದ
ಮುಂದ ಬಿಡೂದಿಲ್ಲ.

ಒಂದಿನ ಅಂಚಿನಾಗ ಇರುವಿ ಸಾಲಿನಂಗ ಏನೋ ಕಂಡು
"ಇದೇನ ಕಾಕಾ?" ಅಂದೆ.
ಚಾಳೀಸು ಹಣಿಗೇರಿಸಿ, ಹಾಳಿ ಮೂಗಿಗಿ ತಂದು
ಮರಾಠಿಯಾಗ ಇದ್ದದ್ದನ್ನ ಕನ್ನಡದಾಗ ಓದಿದ:
ಬಾವಿ ನಾಲ್ವರದು. ಹಗಲು ಮೂವರಿಗೆ.
ರಾತ್ರಿ ನೀರು ಕಿರಿಯವನ ಹೆಂಡತಿಗೆ.
ಗಂಡ ಇಲ್ಲದಾಕಿ. ತಡೀಬಾರದು.

ಯಾವ ಚೌಕಕ್ಕ ಹಾಕಲಿ?
ಪಟ್ಟಿ ಇಳಿಸಿ ನೋಡಿದೆ: ಖುಷ್ಕಿ, ನೀರಾವರಿ, ಇತರೆ.
ರಾತ್ರಿ ಅನ್ನೂದು ಇರಲಿಲ್ಲ.
ಗಂಡ ಇಲ್ಲದಾಕಿ ಅಂತೂ ಇರಲೇ ಇಲ್ಲ.
ತಳದಾಗ ಒಂದು ಕಾಲಂ ಸಿಕ್ಕಿತು: ಷರಾ.
ತುಂಬಲಿಕ್ಕೂ ಆತು, ಬಿಡಲಿಕ್ಕೂ ಆತು.
ಅವ ಹೇಳಿದಷ್ಟೂ ಟೈಪ್ ಮಾಡಿದೆ. ಆಮ್ಯಾಲ
ಪ್ರತಿ ಹಾಳಿ ಅಂಚು ನೋಡೂ ಚಟ ಹತ್ತಿತು.
ದಿನಕ್ಕ ನೂರು ಹಾಳಿ ಕಡಿಮಿ, ನಲವತ್ತು ರೂಪಾಯಿ.
ಕಾಕಾ ಏನೂ ಅನ್ನಲಿಲ್ಲ,
ಚಹಾದ ಜೋಡಿ ಒಂದು ಖಾರಿ ತರಿಸಿದ.

ಬ್ಯಾಸಗ್ಯಾಗ ಟೆಂಡರ್ ಬದಲಾತು.
ಹೊಸ ಕಂಪನಿ, ಹೊಸ ತಂತ್ರಾಂಶ,
ಪಾಸ್‌ವರ್ಡಿಗಿ ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಕ್ಕಿ.
ಹಳೇ ಸರ್ವರಿನಿಂದ ಹೊಸದಕ್ಕ ದತ್ತಾಂಶ ಹೊಂಟಿತು
ಮೂರು ರಾತ್ರಿ, ಗುಳೇ ಹೋದಂಗ.
ಶೇಕಡಾ ನೂರು ಯಶಸ್ವಿ ಅಂತ ವರದಿ ಬಂತು.

ಷರಾಕ್ಕ ಈಗ ಐವತ್ತರ ಮಿತಿ.
ರಾತ್ರಿ ಅಂದರ ನಮಗ ಎರಡಕ್ಷರ;
ಹೊಸ ಯಂತ್ರ ಎಣಿಸಿದರ ಆರು.
ದೀರ್ಘ ಬ್ಯಾರೆ, ಒತ್ತು ಬ್ಯಾರೆ, ಗುಡಿಸು ಬ್ಯಾರೆ.
ಐವತ್ತಕ್ಕ ಕತ್ತರಿ ಹಾಕಿ ನಿಂತಿತ್ತು:
ಬಾವಿ ನಾಲ್ವರದು. ಹಗಲು ಮೂವರಿಗೆ. ರಾತ್ರಿ ನೀರು ಕಿರಿಯವನ ಹ

ಅಷ್ಟ.

ಮಿರಗ ಕೂಡೂ ಮುಂದ ಇಬ್ಬರು ನಕಲು ತಗೊಂಡರು.
ದಾಯಾದಿಗಳ ವಕೀಲ ಬಟ್ಟಿಟ್ಟು ಓದಿದ:
"ಹ ಅಂದರ ಹಕ್ಕು. ಕಿರಿಯವನ ಹಕ್ಕು.
ಕಿರಿಯಂವಗ ಗಂಡುಮಗ ಇಲ್ಲ. ನೀರು ಹೊಳ್ಳಿ ನಮಗ."
ಆಕಿ ಮಗಳ ಮೊಮ್ಮಗಳು ಮುರಿಗೆವ್ವ ಕುಂಚನೂರ
ಬಾಗಲ ಚೌಕಟ್ಟ ಹಿಡಕೊಂಡು ನಿಂತಿದ್ದಳು.
ಸಹಾಯವಾಣಿಗಿ ಫೋನ್ ಹಚ್ಚಿದೆ.
"ಷರಾ ಕಡ್ಡಾಯ ಅಲ್ಲ ಮೇಡಂ," ಅಂದ ಹುಡುಗ,
"ದೂರಿನ ನಂಬರ ಬರಕೊಳ್ಳಿ."

ಗೈಬುಸಾಬ ಎದ್ದ.
ಸ್ಕ್ಯಾನ್ ಆದ ರುಮಾಲು ವಿಲೇವಾರಿಗಂತ
ಜಿನಾದ ಕೆಳಗ ಒಟ್ಟಿದ್ದರು.
ನೂರಾ ಎಪ್ಪತ್ತು ಗಂಟು, ಚೀಟಿ ಕಿತ್ತು ಹೋಗಿದ್ದವು.
ಕೈಯಿಂದ ಗಂಟು ತಡವಿ, ತಡವಿ,
"ಇದು ನಾ ಹಾಕಿದ್ದು," ಅಂದು ಒಂದನ್ನ ಎಳದ.
ಧೂಳಿಗಿ ಎಲ್ಲಾರೂ ಸೀನಿದಿವಿ, ವಕೀಲ ಸೈತ.

"ಇದಕ್ಕ ಕ್ಯೂಆರ್ ಕೋಡ್ ಇಲ್ಲಲ್ಲೊ ಸಾಬ," ಅಂದರು ಸಾಹೇಬರು,
"ಸಿಸ್ಟಮಿನ್ಯಾಗ ಇಲ್ಲದ್ದಕ್ಕ ನಾ ಹ್ಯಾಂಗ ಸಹಿ ಹಾಕಲಿ?"
ಖರೆ ಸಿಟ್ಟಲ್ಲ ಅದು. ಅವರೂ ಹೆದರಿದ್ದರು.

ಯಾರೂ ಉತ್ತರ ಕೊಡಲಿಲ್ಲ.
ಗೈಬುಸಾಬ ಹಾಳಿ ಬೆಳಕಿಗಿ ಹಿಡದು
ಉಸರು ತಗೀಲಾರದ ಅಂಚು ಓದಿ ಮುಗಿಸಿದ.
ಪರದೆ ಮ್ಯಾಲ ಆ ಹ ಮುಂದ
ಕರ್ಸರ್ ಮಿಣಕ್ಕ ಮಿಣಕ್ಕ ಅನ್ನತಿತ್ತು.

ಮುರಿಗೆವ್ವ ಚೌಕಟ್ಟ ಬಿಟ್ಟು ಒಳಗ ಬಂದಳು.
"ಇನ್ನೊಮ್ಮಿ ಓದ್ರಿ," ಅಂದಳು. "ಸಾವಕಾಶ."