ಸ್ಥಳೀಯರಿಗೆ ಮಾತ್ರ

ಗದ್ದನಕೇರಿ ಕ್ರಾಸ್ ದಾಟಿ ಎಡಕ್ಕ ನೋಡ್ರಿ,
ಮುಗಿಲಿಗೆ ಸುತ್ತಿಕೊಂಡ ಹಳದಿ ಕೊಳವಿ.
ಅದರ ಬಾಯಾಗಿಂದ ಮಕ್ಕಳು
ಗಿರಣ್ಯಾಗಿನ ಹಿಟ್ಟು ಬಿದ್ದಂಗ ಬೀಳ್ತಾವು.
ಅದ ನೀಲತರಂಗ.

ಒಂದ ದಿನಕ್ಕ ಏಳನೂರು. ವರ್ಷದ ಪಾಸು ನಾಕ ಸಾವಿರ.
ಬಾಗಲಕೋಟಿ ಮಂದಿಗೆ ಹದಿನೈದನೂರು ಅಂತ
ಆಳೆತ್ತರದ ಅಕ್ಷರದಾಗ ಬರದಾರ.
ಕೆಳಗ ಇರಿವಿ ಸಾಲು: ವಿಳಾಸದ ಪುರಾವೆ ಕಡ್ಡಾಯ.
ನನ್ನ ಮಗಳು ಗಂಗೂ ದೊಡ್ಡ ಅಕ್ಷರ ಅಷ್ಟ ಓದಿದ್ಲು.
ಐದ ತಿಂಗಳು ಡಬ್ಬ್ಯಾಗ ರೊಕ್ಕ ಹಾಕಿದ್ಲು.

ಕಿಟಕಿಯೊಳಗ ಒಬ್ಬ ಹುಡುಗ,
ಕೊಳ್ಳಾಗ ಅವಂದ ಫೋಟೋ ತೂಗಬಿಟ್ಕೊಂಡು ಕುಂತಾನ.
"ಆಧಾರ್ ಕೊಡ್ರಿ ಅಕ್ಕಾರ."
ಕೊಟ್ಟೆ. ಅದರಾಗ ಗಜೇಂದ್ರಗಡ ಐತಿ, ಗಂಡನ ಊರು.
ಗಂಡ ಅಲ್ಲೂ ಇಲ್ಲ, ಇಲ್ಲೂ ಇಲ್ಲ,
ಲಾರಿ ಮ್ಯಾಲೆ ಇರ್ತಾನ.
"ಕರೆಂಟ್ ಬಿಲ್ಲು?"
ಮಾಲಕರ ಹೆಸರಿಲೆ ಬರ್ತೈತಿ, ನನ್ನ ಕೈಲೆ ಕಟ್ತೈತಿ.
"ಬಾಡಿಗಿ ಕರಾರು?"
ಬಾಯಿಲೆ ಆಗೈತಪ್ಪ, ಎಲಿ ಅಡಕಿ ಕೊಟ್ಟು.

ಶಾಲಿ ದಾಖಲಾತಿ ತಗದೆ, ಮಡಿಕಿ ಹರದಿದ್ದು:
ಕಿಲ್ಲಾ ಓಣಿ, ಬಾಗಲಕೋಟಿ.
ಅವ ಒತ್ತಿದ, ಹುಡಿಕಿದ, ಮತ್ತ ಒತ್ತಿದ.
"ಈ ಓಣಿ ಪಟ್ಟಿಯೊಳಗ ಬರವಲ್ದ್ರಿ."
ಹೆಂಗ ಬರ್ತೈತಿ ತಮ್ಮಾ, ನೀರೊಳಗ ಐತಿ.
ಮೇ ತಿಂಗಳಾಗ ಬಾ, ಹಿನ್ನೀರು ಸರದಿರ್ತೈತಿ,
ನಮ್ಮ ಕಟ್ಟಿ ಮ್ಯಾಲೆದ್ದಿರ್ತೈತಿ,
ನಮ್ಮವ್ವನ ಒಳಕಲ್ಲಿನ ಕುಣಿ ತೋರಸ್ತೀನಿ.
ಜೂನ್ ಜುಲೈ ಮಾತ್ರ ಕೇಳಬ್ಯಾಡ,
ಆವಾಗ ನಾವು ಊರಾಗ ಇರಂಗಿಲ್ಲ.

ಹಿಂದಿನಾಂವ ಕೆಮ್ಮಿದ. ಹುಬ್ಬಳ್ಳಿಯಾಂವ ಇರಬೇಕು,
ಐದ ಮಂದಿಗೆ ಪೂರಾ ರೊಕ್ಕ ಎಣಿಸಿ ಒಳಗ ಹೋದ.
ಪೂರಾ ಕೊಡವಂಗ ಊರು ಯಾಕ ಬೇಕು?

ಕಡೀಕ ಪಿಶವಿ ತಳದಿಂದ
ಅವರ ಬಿಲ್ಲ ತಗದ ಅವರ ಮುಂದ ಇಟ್ಟೆ:
ಶೇಖವ್ವ ಬಾರಕೇರ, ಸೆಕ್ಟರ್ ನಲವತ್ತೊಂದು, ನವನಗರ,
ಬಿಳಿಜ್ವಾಳದ ರೊಟ್ಟಿ ಇನ್ನೂರು, ಸಜ್ಜಿವು ನಲವತ್ತು.
ಎರಡ ವರ್ಷದ್ದು, ಒಂದ ದಿನ ತಪ್ಪಿಲ್ಲ,
ಒಂದೊಂದರ ಮ್ಯಾಲೂ ಜಿಗಿಯೂ ಮೀನಿನ ಸಿಕ್ಕಾ.
ಹುಡುಗ ನಕ್ಕ. ಕೆಟ್ಟ ನಗು ಅಲ್ಲ ಅದು.
"ಸಿಕ್ಕಾ ನಮ್ಮದ ಐತ್ರಿ ಅಕ್ಕಾರ.
ಆದ್ರ ನಮ್ಮ ಸಿಕ್ಕಾ ನಮ್ಮ ಪಟ್ಟಿಯೊಳಗ ಇಲ್ರಿ."
ಮ್ಯಾನೇಜರಗ ಫೋನ್ ಹಚ್ಚಿದ, ಹ್ಞೂಂ ಅಂದ, ಹ್ಞೂಂ ಅಂದ, ಇಟ್ಟ.
ಅವನ ಮಗ್ಗಲಕ ಊಟದ ಡಬ್ಬಿ ತೆರದಿತ್ತು,
ಅದರಾಗ ನನ್ನ ರೊಟ್ಟಿ.
ಎಡಗೈ ಬಡತದ್ದು, ಒಂದ ಕಡೆ ಅಂಚು ತೆಳು,
ಸಾವಿರದಾಗ ಇಟ್ರೂ ಗುರತ ಹಿಡೀತೀನಿ.

ಅತ್ತ ಗಂಗೂ ಬಾಗಲ ಕಡೆ ಓಡಿದ್ಲು.
ಅಲ್ಲೊಂದು ಬಣ್ಣದ ಜಿರಾಫಿ, ಅದರ ಎದಿಗೆ ಗೆರಿ:
ಇಷ್ಟು ಎತ್ತರ ಇದ್ದವರಿಗೆ ಕೊಳವಿ.
ಕಾಗದ ಬ್ಯಾಡ, ಸಹಿ ಬ್ಯಾಡ.
ಹಿಮ್ಮಡ ಹಚ್ಚಿ ನಿಂತ್ಲು, ನೆತ್ತಿ ಮ್ಯಾಲೆ ಅಂಗೈ ಇಟ್ಕೊಂಡ್ಲು,
ಗೆರಿಗಿಂತ ಎರಡ ಬೆಳ್ಳು ಮ್ಯಾಲೆ.
"ಅವ್ವಾ, ನಾ ಬರ್ತೀನಿ ಇದರಾಗ!"
ಕೈ ತಗೀಲಾರದ ಹಂಗ ನಿಂತಿದ್ಲು,
ತಗದ್ರ ಕಡಿಮಿ ಆದೀನಿ ಅನ್ನೂವಂಗ.

ಮರುದಿನ ನಸುಕಿನ್ಯಾಗ ಹಿಂದಿನ ಗೇಟು.
ಹನಮಪ್ಪ ಬುಟ್ಟಿ ನೋಡಿದ, ಅಡ್ಡಗೋಲು ಎತ್ತಿದ,
"ಬರ್ರಿ ಬೇ" ಅಂದ.
ಇವತ್ತ ಸಜ್ಜಿ ರೊಟ್ಟಿ ಬುಟ್ಟಿ ಗಂಗೂನ ತಲಿಮ್ಯಾಲೆ.
ಅಡಗಿಮನಿ ಹಿಂದ ದೊಡ್ಡ ಕೊಳ,
ನೀರು ಇನ್ನೂ ಬಿಟ್ಟಿದ್ದಿಲ್ಲ.
ಒಬ್ಬಾಕಿ ಕುಂತ ಪಾಚಿ ಕೆರೀತಿದ್ಲು.
ಗಂಗೂ ಚಪ್ಲಿ ಕಳದ್ಲು,
ಒಣಾ ನೀಲಿ ಮ್ಯಾಲೆ ಮೆಲ್ಲಕ ಇಳದು
ನಟ್ಟನಡುವ ನಿಂತು ಕೂಗಿದ್ಲು:
"ಅವ್ವಾ, ಇಲ್ಲಿ ನೀರು ಎಲ್ಲಿಮಟ ಬರ್ತೈತಿ?"

ನಾ ರೊಟ್ಟಿ ಎಣಸಾಕತ್ತಿದ್ದೆ.
ನೂರಾ ಹನ್ನೆರಡಕ್ಕ ಲೆಕ್ಕ ತಪ್ಪಿತು.