ಬೈತಖೋಲದ ತಾರಸಿ

ಆಂಪ್ಲಿಫೈಯರ್ ಸಿಕ್ಕಿಸಿದ ರಾತ್ರಿ
ನಲವತ್ತೊಂದಿದ್ದ ವಿಮಾನ ಹನ್ನೆರಡಕ್ಕಿಳಿದವು.
‘ದುಡ್ಡು ಕೊಟ್ಟು ಕಿವುಡು ತಂದ್ಯಲ್ಲೋ’
ಅಂದಳು ಶೆವಂತಿ ಅಕ್ಕ, ತಾರ್ಲೆ ಹೆರೆಯುತ್ತ, ತಲೆಯೆತ್ತದೆ.

ತಪ್ಪು ತಿಳಿಯಲು ಮೂರು ದಿನ.
ಎದುರಿನ ಮೊಬೈಲ್ ಟವರು ಅರಚುತ್ತಿತ್ತು,
ನಾನು ಅದರ ಬಾಯಿಗೇ ಮೈಕು ಹಿಡಿದಿದ್ದೆ.
‘ತಿಸರೆ ತೊಳೆಯದೆ ಸಾರಿಗೆ ಹಾಕಿದರೆ
ಮರಳೂ ಕುದಿಯುತ್ತದೆ.’ ಇದೂ ಅವಳೇ.

ಫಿಲ್ಟರು ಬಂತು.
ಪೆಟ್ಟಿಗೆಯನ್ನು ಕೋಣೆಯಿಂದ ಕಿತ್ತು
ಆಂಟೆನಾದ ಬುಡಕ್ಕೇ ಒಯ್ದೆ:
ಹದಿನೈದು ಮೀಟರು ಕೇಬಲ್ಲು
ಬಂದ ಪಿಸುಮಾತನ್ನು ದಾರಿಯಲ್ಲೇ ತಿನ್ನುತ್ತಿತ್ತು.
ಮುರಿದ ದೋಣಿಯ ಗಳ,
ಏಳು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ ತಾಮ್ರದ ತಂತಿ,
ಉಪ್ಪುಗಾಳಿಗೆ ರಬ್ಬರ್ ಟೇಪು, ಮೇಲೆ ಬೋಟಿನ ಗ್ರೀಸು.
ಅದರ ತುದಿಗೆ ಮೊದಲು ಬಂದದ್ದು ಕಾಗೆ.

ಈಗ ಪಡುವಣಕ್ಕೆ ಮುನ್ನೂರೈವತ್ತು ಕಿಲೋಮೀಟರು,
ಮಸ್ಕತ್ತಿನ ಹಾದಿಯಲ್ಲೆಲ್ಲ ಚುಕ್ಕಿ.
ಮೂಡಣಕ್ಕೆ ಗುಡ್ಡ.
ಎಷ್ಟು ಹಿಗ್ಗಿಸಿದರೂ ಗುಡ್ಡ ಗುಡ್ಡವೇ.

ಅಕ್ಕ ಮೆಟ್ಟಿಲೇರಿ ಬಂದಳು, ಏದುಸಿರು.
‘ಇದರೊಳಗೆ ಎಷ್ಟು ಜನ?’
‘ನೂರೆಂಬತ್ತು ಇರಬಹುದು.’
ಸೀರೆಗೆ ಕೈ ಒರೆಸಿ
ಪರದೆಯ ಮೇಲೆ ಮೆಲ್ಲಗೆ ಬೆರಳಿಟ್ಟಳು,
ಮಲಗಿದವರನ್ನು ಮುಟ್ಟುವ ಹಾಗೆ.

ಚುಕ್ಕಿ ಸರಿದುಹೋಯಿತು.
ಮೀನಿನ ಹುರುಪೆಯೊಂದು
ಸಮುದ್ರದ ನಟ್ಟನಡುವೆ
ಹೊಳೆಯುತ್ತ ಅಲ್ಲೇ ಉಳಿಯಿತು.