ತಟ್ಟಿ ನೋಡುವವನ ಟಿಪ್ಪಣಿ

ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ.
ನನ್ನದು ಸಣ್ಣ ಸುತ್ತಿಗೆ, ಹಿಡಿಗೆ ಸುತ್ತಿದ ಹಳೆಯ ಸೈಕಲ್ ಟ್ಯೂಬು.
ಲೆಮ್ಮರ್ ಬಂದರಿನಲ್ಲಿ ಮಾರ್ಚ್ ತಿಂಗಳ ಚಳಿ.
ಕ್ರೇನಿನ ಪಟ್ಟಿಗಳಲ್ಲಿ ತೂಗುತ್ತಿದ್ದವು ಎರಡು ಉಕ್ಕಿನ ದೋಣಿ,
ಎರಡಕ್ಕೂ ಮೊದಲಿನ ಯಜಮಾನರ ವಾಸನೆ:
ಒಂದರಲ್ಲಿ ಡೀಸೆಲ್ಲು ಮತ್ತು ಒದ್ದೆ ನಾಯಿ,
ಇನ್ನೊಂದರಲ್ಲಿ ಡೀಸೆಲ್ಲು ಮತ್ತು ನಿಂಬೆ ಸೋಪು.

ಹತ್ತು ಮೀಟರಿನದು, ಹದಿಮೂರು ಮೀಟರಿನದು.
ನಡುವಿನ ಮೂರು ಮೀಟರಿನಲ್ಲಿ ಏನೇನು ಹಿಡಿಸುತ್ತದೆಂದು
ದಲ್ಲಾಳಿ ಫೊಪ್ಪೆ ಬಾಯಿಪಾಠ ಒಪ್ಪಿಸಿದ:
ಎರಡನೇ ಶೌಚಾಲಯ, ಬಟ್ಟೆ ಒಗೆಯುವ ಯಂತ್ರ,
ಮೊಮ್ಮಕ್ಕಳಿಗೊಂದು ಕೋಣೆ.
"ಮೊಮ್ಮಕ್ಕಳಿಲ್ಲ," ಎಂದಳು ಬೌಕ್ಯೆ.
"ಹಾಗಾದರೆ ನೆಂಟರಿಗೆ."
"ಅವರು ಹೋಟೆಲಿಗೆ ಹೋಗಲಿ."

ನಾನು ತಟ್ಟುತ್ತಾ ಹೋದೆ.
ಗಟ್ಟಿ ಉಕ್ಕು ಗಂಟೆಯಂತೆ, ತುಕ್ಕು ತಿಂದದ್ದು ಕುಂಬಳಕಾಯಿಯಂತೆ.
ಅನುಮಾನ ಬಂದಲ್ಲಿ ಯಂತ್ರ ಒತ್ತಿದೆ, ಅಂಕಿ ಮೂಡಿತು.
ಯೆಲ್ಟೆ ಬಗ್ಗಿ ನೋಡಿದ. "ಓದಿ ಹೇಳಪ್ಪಾ,
ಕನ್ನಡಕ ಮನೆಯಲ್ಲೇ ಉಳೀತು."
ಕನ್ನಡಕ ಅವನ ಮೂಗಿನ ಮೇಲೇ ಇತ್ತು.
ಓದಿದೆ: ಐದು ಪಾಯಿಂಟ್ ಎರಡು. ಐದು. ನಾಲ್ಕು ಪಾಯಿಂಟ್ ಒಂಬತ್ತು.
ಪ್ರತಿ ಅಂಕಿಗೂ ತಲೆಯಾಡಿಸಿದ,
ಅಂಕಿ ಇದ್ದ ಕಡೆಗಲ್ಲ, ದನಿ ಬಂದ ಕಡೆಗೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಚಿಕ್ಕ ದೋಣಿಯ ಹಾಸಿಗೆ ನೂರಾ ಎಂಬತ್ತೆಂಟು ಸೆಂಟಿಮೀಟರ್,
ಯೆಲ್ಟೆ ನೂರಾ ತೊಂಬತ್ತೇಳು.
ಶೂ ಬಿಚ್ಚಿ ಮಲಗಿ ನೋಡಿದ; ಹಿಮ್ಮಡಿ ಕಪಾಟಿಗೆ ಒತ್ತಿತು.
ದೊಡ್ಡದರಲ್ಲಿ ಮಲಗಿದಾಗ ಕಾಲ ಬಳಿ
ಇನ್ನೊಂದು ದಿಂಬಿಗೆ ಜಾಗ ಉಳಿಯಿತು.
ಏಳಲು ಮನಸ್ಸಿಲ್ಲದವನಂತೆ ಸ್ವಲ್ಪ ಹೊತ್ತು ಚಾವಣಿ ನೋಡಿದ.
ಫೊಪ್ಪೆ ನನ್ನತ್ತ ಕಣ್ಣು ಮಿಟುಕಿಸಿದ.

ಮಧ್ಯಾಹ್ನ ಎರಡೂ ನೀರಿಗಿಳಿದವು. ಪಡುವಣ ಗಾಳಿ.
ಬೌಕ್ಯೆ ಅಂದಳು: "ಎಲ್ಲರೂ ಇಳೀರಿ. ನೀನೂ.
ದಂಡೆ ಮೇಲೆ ನಿಂತುಕೋ, ಕೈ ಜೇಬಲ್ಲಿರಲಿ.
ನಾನು ಬಿದ್ದರೂ ತೆಗೀಬೇಡ."
"ಬಿದ್ದರೆ ತೆಗೀತೀನಿ."

ಹದಿಮೂರು ಮೀಟರನ್ನು ಅವಳು
ಬೆಣ್ಣೆಯಿಂದ ಕೂದಲು ತೆಗೆದಂತೆ ತಂದಳು.
ಮುಂದಿನ ಪುಟ್ಟ ಪ್ರೊಪೆಲ್ಲರ್ ಗುರ್ರೆಂದಿತು,
ಕಂಬಗಳ ನಡುವೆ ದೋಣಿ ಕೂತಿತು.
ಫೊಪ್ಪೆ ಚಪ್ಪಾಳೆಗೆ ಕೈ ಎತ್ತಿದ.
ಆಮೇಲೆ ಹಗ್ಗ ಹಿಡಿದು ಅಂಚಿಗೆ ಬಂದು ಕೆಳಗೆ ನೋಡಿದಳು.
ಡೆಕ್ಕಿನಿಂದ ದಂಡೆಗೆ ಅವಳ ಸೊಂಟದಷ್ಟು ಆಳ.
ಎಡ ಮಂಡಿ ಹೋದ ವರ್ಷ ಹೊಸದು ಹಾಕಿಸಿದ್ದು.
ಹಗ್ಗ ಕೈಯಲ್ಲೇ ಇತ್ತು. ಗಾಳಿ ನಿಧಾನಕ್ಕೆ
ಹದಿನೈದು ಟನ್ನನ್ನು ಪಕ್ಕಕ್ಕೆ ಸರಿಸತೊಡಗಿತು.
ಯೆಲ್ಟೆಯ ಜೇಬುಗಳಲ್ಲಿ ಮುಷ್ಟಿಗಳು ಎದ್ದು ಕಾಣುತ್ತಿದ್ದವು.

ಹತ್ತು ಮೀಟರಿನದನ್ನು ಮೂರು ಸಲ ತಪ್ಪಿದಳು,
ಕಂಬಕ್ಕೆ ಉಜ್ಜಿ ಹಸಿರು ಬಣ್ಣ ಬಿಟ್ಟುಬಂದಳು,
ಅಜ್ಜನ ಕಾಲದ ಬೈಗುಳವೊಂದನ್ನು ಬಂದರಿಗೆಲ್ಲ ಕೇಳಿಸಿದಳು.
ನಾಲ್ಕನೆಯ ಸಲ
ಬಸ್ಸಿನಿಂದ ಇಳಿಯುವವಳಂತೆ ಒಂದು ಹೆಜ್ಜೆ ಕೆಳಗಿಟ್ಟು
ಹಗ್ಗವನ್ನು ಗೂಟಕ್ಕೆ ಸುತ್ತಿದಳು.

ನಾನು ಹೇಳಬೇಕಾದ್ದನ್ನು ಹೇಳಿದೆ: ಇದರ ಹಿಂಭಾಗದಲ್ಲಿ,
ಚುಕ್ಕಾಣಿಯ ಪಕ್ಕ, ಅಂಗೈಯಗಲದ ಜಾಗ ಬರೀ ಮೂರು ಮಿಲಿಮೀಟರ್.
ವಿಮೆಯವರು ಒಪ್ಪುವುದಿಲ್ಲ. ತೇಪೆ ಬೆಸೆಯಬೇಕು.
"ಬೆಸೆಸೋಣ," ಎಂದ ಯೆಲ್ಟೆ. "ಫೊಪ್ಪೆ, ಅದನ್ನ ಬೆಲೆಯಲ್ಲಿ ಮುರ್ಕೋ."
"ನಿನ್ನ ಕಾಲು?"
"ನಲವತ್ತೊಂದು ವರ್ಷ ನಿನ್ನ ಬೆನ್ನ ಹಿಂದೆ ಮಡಚಿಕೊಂಡೇ ಮಲಗಿದ್ದೀನಿ.
ಚಾಚಿದರೆ ನಿದ್ದೆ ಬರಲ್ಲ."

ನನ್ನ ಕೂಲಿ ಮೀಟರಿನ ಲೆಕ್ಕ: ಒಟ್ಟು ಇಪ್ಪತ್ತಮೂರು.
ಬೌಕ್ಯೆ ಚೌಕಾಸಿ ಮಾಡಿ ಇಪ್ಪತ್ತಕ್ಕಿಳಿಸಿದಳು.
ಮರೆತು, ರಸೀದಿಯನ್ನು ಯೆಲ್ಟೆಯ ಕೈಗೆ ಕೊಟ್ಟೆ.
ಅವನು ಹಿಂದೆ ಮುಂದೆ ತಿರುವಿ, ಬೆಳಕಿಗೆ ಹಿಡಿದು,
"ಸರಿಯಾಗಿದೆ," ಎಂದು ಅವಳಿಗೆ ದಾಟಿಸಿದ.